ಹರಾಜಿನ ಮೆಟ್ಟಿಲು, ಬಿಡುಗಡೆಯ ಬಾಗಿಲು

(ವಕೀಲರೂ ಕಾನೂನು ವಿದ್ಯಾರ್ಥಿಗಳೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಹಳೆಯ ಕೋರ್ಟು ಕಟ್ಟಡವೊಂದರ ಕಥೆ ಹೇಳುತ್ತೇನೆ ಎಂದಾಗ, ನಮ್ಮೂರ ಕೋರ್ಟಿನ ಸೋರುವ ಮಾಳಿಗೆಯ ಬಗ್ಗೆ ದೂರು ಹೇಳಲು ಬಂದಿದ್ದೇನೆಂದು ನಿಮ್ಮಲ್ಲಿ ಕೆಲವರು ಭಾವಿಸಿರಬಹುದು. ಆ ದೂರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಇಂದು ನಾನು ನಿಮ್ಮನ್ನು ಕರೆದೊಯ್ಯುವುದು ಬಹುದೂರಕ್ಕೆ, ಅಮೆರಿಕದ ನಡುಭಾಗದಲ್ಲಿ ಮಿಸ್ಸಿಸ್ಸಿಪ್ಪಿ ನದಿಯ ಪಶ್ಚಿಮ ದಂಡೆಯ ಮೇಲಿರುವ ಸೇಂಟ್ ಲೂಯಿಸ್ ನಗರಕ್ಕೆ. ಅಲ್ಲಿ ಹಸಿರು ಗುಮ್ಮಟದ ಒಂದು ಕಟ್ಟಡವಿದೆ. ಊರವರು ಅದನ್ನು 'ಹಳೆಯ ಕೋರ್ಟ್‌ಹೌಸ್' ಎನ್ನುತ್ತಾರೆ. ಅದು ಒಂದು ಕಾಲಕ್ಕೆ ಸೇಂಟ್ ಲೂಯಿಸ್ ಕೌಂಟಿಯ ನ್ಯಾಯಾಲಯವಾಗಿತ್ತು. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ, ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. ಆದುದರಿಂದ ಇದು ದೊಡ್ಡ ರಾಜಧಾನಿಯ ಸರ್ವೋನ್ನತ ನ್ಯಾಯಾಲಯದ ಕಥೆಯಲ್ಲ. ನಾವೂ ನೀವೂ ದಿನಬೆಳಗಾದರೆ ಮೆಟ್ಟಿಲು ಹತ್ತುವಂಥ ಕೆಳಹಂತದ ನ್ಯಾಯಾಲಯದ ಕಥೆ.

ಈ ಕಟ್ಟಡದ ಮೆಟ್ಟಿಲುಗಳ ಮೇಲೆ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಅದೇ ಕಟ್ಟಡದ ಒಳಗೆ, ಅಂಥ ಮನುಷ್ಯರೇ ತಮ್ಮ ಬಿಡುಗಡೆಗಾಗಿ ದಾವೆ ಹೂಡುತ್ತಿದ್ದರು. ಕೆಲವೊಮ್ಮೆ ಗೆಲ್ಲುತ್ತಲೂ ಇದ್ದರು. ಎರಡನ್ನೂ ನಡೆಸುತ್ತಿದ್ದುದು ಒಂದೇ ಕಾನೂನು. ಇದು ಹೇಗೆ ಸಾಧ್ಯವಾಯಿತು, ಕೊನೆಗೆ ಏನಾಯಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ದಾನದ ಜಾಗ, ದಾನದ ಷರತ್ತು

1816ರಲ್ಲಿ ಸೇಂಟ್ ಲೂಯಿಸ್ ಇನ್ನೂ ಸಣ್ಣ ಊರು. ಫ್ರೆಂಚ್ ಮಾತನಾಡುವ ತುಪ್ಪುಳು ವ್ಯಾಪಾರಿಗಳು ಕಟ್ಟಿದ ಊರು ಅದು. ಆ ವರ್ಷ ಊರಿನ ಸ್ಥಾಪಕರಲ್ಲೊಬ್ಬನಾದ ಆಗಸ್ಟ್ ಶೂಟೋ ಮತ್ತು ದೊಡ್ಡ ಜಮೀನುದಾರನಾಗಿದ್ದ ನ್ಯಾಯಾಧೀಶ ಜಾನ್ ಲ್ಯೂಕಸ್ ಇಬ್ಬರೂ ಸೇರಿ, ನದಿಯಿಂದ ಸ್ವಲ್ಪ ಮೇಲಿದ್ದ ಒಂದು ನಿವೇಶನವನ್ನು ಕೌಂಟಿಗೆ ದಾನವಾಗಿ ಕೊಟ್ಟರು. ದಾನಕ್ಕೆ ಒಂದು ಷರತ್ತಿತ್ತು. ಆ ಜಾಗವನ್ನು ಎಂದೆಂದಿಗೂ ನ್ಯಾಯಾಲಯಕ್ಕಾಗಿಯೇ ಬಳಸಬೇಕು. ಈ ಷರತ್ತನ್ನು ನೆನಪಿನಲ್ಲಿಟ್ಟುಕೊಳ್ಳಿ. ನೂರು ವರ್ಷ ಕಳೆದ ಮೇಲೆ ಅದು ಮತ್ತೆ ತಲೆಯೆತ್ತುತ್ತದೆ.

ಆ ಜಾಗದಲ್ಲಿ ಮೊದಲು ಎದ್ದದ್ದು ಇಟ್ಟಿಗೆಯ ಒಂದು ಸಾಧಾರಣ ಕಟ್ಟಡ. 1828ರಲ್ಲಿ ಅದು ಮುಗಿಯಿತು. ಅಷ್ಟರಲ್ಲಿ ಮಿಸ್ಸಿಸ್ಸಿಪ್ಪಿಯಲ್ಲಿ ಉಗಿದೋಣಿಗಳ ಸಂಚಾರ ಹೆಚ್ಚಿ ಊರು ಬೆಳೆಯತೊಡಗಿತ್ತು. 1840ರಲ್ಲಿ ಸುಮಾರು 16 ಸಾವಿರವಿದ್ದ ಜನಸಂಖ್ಯೆ 1850ರ ಹೊತ್ತಿಗೆ 77 ಸಾವಿರವನ್ನು ದಾಟಿತು. ಹಳೆಯ ಕಟ್ಟಡ ಸಾಲದಾಯಿತು. 1839ರಲ್ಲಿ ಹೆನ್ರಿ ಸಿಂಗಲ್ಟನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಕಟ್ಟಡದ ಕೆಲಸ ಶುರುವಾಯಿತು. ನಡುವೆ ಗುಮ್ಮಟದಡಿಯ ದುಂಡು ಸಭಾಂಗಣ, ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆಗಳು, ಗ್ರೀಕ್ ದೇಗುಲದಂಥ ಕಂಬಗಳು. 1845ರಲ್ಲಿ ಸಭಾಂಗಣ ಜನರಿಗೆ ತೆರೆಯಿತು. ಪೂರ್ವಕ್ಕಿದ್ದ ಹಳೆಯ ಇಟ್ಟಿಗೆ ಕಟ್ಟಡವನ್ನು 1851ರಲ್ಲಿ ಕೆಡವಿ, ಅಲ್ಲಿ ರಾಬರ್ಟ್ ಮಿಚೆಲ್ ಎಂಬಾತನ ಯೋಜನೆಯಂತೆ ಹೊಸ ರೆಕ್ಕೆ ಕಟ್ಟಿದರು. ಕೊನೆಗೆ 1860ರ ದಶಕದ ಆರಂಭದಲ್ಲಿ ವಿಲಿಯಂ ರಂಬೋಲ್ಡ್ ಎಂಬಾತ ಹಳೆಯ ಗುಮ್ಮಟ ತೆಗೆಸಿ, ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಕಬ್ಬಿಣದ ದೊಡ್ಡ ಗುಮ್ಮಟವನ್ನು ನಿಲ್ಲಿಸಿದ. ನೆಲದಿಂದ ಸುಮಾರು 190 ಅಡಿ ಎತ್ತರ. 1894ರವರೆಗೆ ಇಡೀ ಮಿಸ್ಸೌರಿ ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ಹೀಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಒಂದು ಕಡೆ ಗಾರೆಯ ಕೆಲಸ, ಇನ್ನೊಂದು ಕಡೆ ಮೊಕದ್ದಮೆಗಳ ವಿಚಾರಣೆ ಜೊತೆಜೊತೆಗೆ ನಡೆದವು. ದುಂಡು ಸಭಾಂಗಣ ಊರಿನ ಜಗಲಿಯಂತೆಯೂ ಬಳಕೆಯಾಗುತ್ತಿತ್ತು. 1849ರಲ್ಲಿ ಪೆಸಿಫಿಕ್ ಸಾಗರದವರೆಗೆ ರೈಲು ಹಾಕಬೇಕೆಂದು ಸೇರಿದ ರಾಷ್ಟ್ರೀಯ ಸಮಾವೇಶ ಇಲ್ಲಿಯೇ ನಡೆಯಿತು; ಸೆನೆಟರ್ ಥಾಮಸ್ ಹಾರ್ಟ್ ಬೆಂಟನ್ ಇಲ್ಲಿಯೇ ನಿಂತು ಭಾಷಣ ಮಾಡಿದ.

ಹೊರಗೆ ಹರಾಜು, ಒಳಗೆ ಅರ್ಜಿ

ಮಿಸ್ಸೌರಿ 1821ರಲ್ಲಿ ಅಮೆರಿಕದ ಒಕ್ಕೂಟವನ್ನು ಸೇರಿದ್ದು ಗುಲಾಮಗಿರಿಗೆ ಅವಕಾಶವಿದ್ದ ರಾಜ್ಯವಾಗಿ. ನದಿಯ ಆಚೆ ದಡದ ಇಲಿನಾಯ್ ರಾಜ್ಯದಲ್ಲಿ ಗುಲಾಮಗಿರಿಗೆ ಕಾನೂನಿನ ನಿಷೇಧವಿತ್ತು. ಅಂದರೆ ಸೇಂಟ್ ಲೂಯಿಸಿನ ಪಾಲಿಗೆ ದಾಸ್ಯ ಮತ್ತು ಸ್ವಾತಂತ್ರ್ಯದ ನಡುವಿನ ಗಡಿಯೆಂದರೆ ಒಂದು ಹೊಳೆ, ಅದನ್ನು ದಾಟಿಸುವ ಒಂದು ದೋಣಿ.

ಗುಲಾಮರನ್ನು ಇಟ್ಟುಕೊಂಡಿದ್ದ ಒಬ್ಬ ಒಡೆಯ ಸತ್ತನೆನ್ನಿ. ಅವನ ಸಾಲ ತೀರಿಸಬೇಕು, ವಾರಸುದಾರರಿಗೆ ಪಾಲು ಹಂಚಬೇಕು. ಆಗ ನ್ಯಾಯಾಲಯ ಆಸ್ತಿಯ ಪಟ್ಟಿ ಮಾಡಿಸುತ್ತಿತ್ತು. ಕುದುರೆ, ಗಾಡಿ, ಮಂಚ, ಪಾತ್ರೆ, ಇವುಗಳ ಜೊತೆಯಲ್ಲಿಯೇ ಗಂಡಸರು, ಹೆಂಗಸರು, ಮಕ್ಕಳು. ಹರಾಜಿನ ದಿನ ಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ನ್ಯಾಯಾಲಯದ ಬಾಗಿಲಲ್ಲಿ, ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ ಕೂಗುತ್ತಿದ್ದರು. ತಾಯಿ ಒಬ್ಬರ ಪಾಲು, ಮಗು ಇನ್ನೊಬ್ಬರ ಪಾಲು ಆಗುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಇದನ್ನು ನಡೆಸಿದವರು ದರೋಡೆಕೋರರಲ್ಲ. ಕೋರ್ಟಿನ ಆದೇಶವನ್ನು ಜಾರಿ ಮಾಡುವ ಅಧಿಕಾರಿಗಳು. ಎಲ್ಲವೂ ಕಾಗದಪತ್ರಗಳ ಮೇಲೆ ಸರಿಯಾಗಿಯೇ ಇತ್ತು.

ಆದರೆ ಅದೇ ಕಾನೂನಿನ ಪುಸ್ತಕದಲ್ಲಿ ಇನ್ನೊಂದು ಪುಟವೂ ಇತ್ತು. 1807ರ ಪ್ರಾಂತೀಯ ಕಾಯಿದೆ ಮತ್ತು 1824ರ ರಾಜ್ಯ ಕಾಯಿದೆಯ ಪ್ರಕಾರ, ತನ್ನನ್ನು ಅನ್ಯಾಯವಾಗಿ ಗುಲಾಮಗಿರಿಯಲ್ಲಿ ಇಡಲಾಗಿದೆ ಎನ್ನುವ ಯಾರೇ ಆಗಲಿ ಬಡ ಅರ್ಜಿದಾರರಾಗಿ ದಾವೆ ಹೂಡಬಹುದಾಗಿತ್ತು. ಅರ್ಜಿಗೆ ಆಧಾರವಿದೆ ಎಂದು ಕಂಡರೆ ಅವರಿಗೆ ನ್ಯಾಯಾಲಯವೇ ವಕೀಲರನ್ನು ಗೊತ್ತುಮಾಡುತ್ತಿತ್ತು. ಮೊಕದ್ದಮೆ ಮುಗಿಯುವ ತನಕ ಅವರನ್ನು ಬೇರೆ ರಾಜ್ಯಕ್ಕೆ ಸಾಗಿಸಕೂಡದು, ದಾವೆ ಹೂಡಿದರೆಂಬ ಸಿಟ್ಟಿಗೆ ಹಿಂಸಿಸಕೂಡದು ಎಂದು ಒಡೆಯನಿಗೆ ತಾಕೀತು ಮಾಡುತ್ತಿತ್ತು. ಇವುಗಳಿಗೆ 'ಸ್ವಾತಂತ್ರ್ಯದ ದಾವೆ'ಗಳು ಎಂದು ಹೆಸರು. ಸೇಂಟ್ ಲೂಯಿಸ್ ನ್ಯಾಯಾಲಯದ ಹಳೆಯ ಕಡತಗಳಲ್ಲಿ ಇಂಥ 300ಕ್ಕೂ ಹೆಚ್ಚು ದಾವೆಗಳು ಸಿಕ್ಕಿವೆ.

ಈ ದಾವೆಗಳಿಗೆ ಬಲ ಕೊಟ್ಟದ್ದು ಮಿಸ್ಸೌರಿಯ ಸರ್ವೋಚ್ಚ ನ್ಯಾಯಾಲಯದ 1824ರ ಒಂದು ತೀರ್ಪು. ವಿನ್ನಿ ಎಂಬ ಹೆಣ್ಣುಮಗಳನ್ನು ಅವಳ ಒಡೆಯರು ಗುಲಾಮಗಿರಿ ನಿಷೇಧವಿದ್ದ ನೆಲದಲ್ಲಿ ಕೆಲವು ವರ್ಷ ಇಟ್ಟುಕೊಂಡಿದ್ದರು. ಅಲ್ಲಿ ನೆಲೆಸಿದ ಮೇಲೆ ಆಕೆ ಸ್ವತಂತ್ರಳಾದಳು, ಮತ್ತೆ ಮಿಸ್ಸೌರಿಗೆ ಕರೆತಂದ ಮಾತ್ರಕ್ಕೆ ಆ ಸ್ವಾತಂತ್ರ್ಯ ಅಳಿಯದು ಎಂದಿತು ನ್ಯಾಯಾಲಯ. ಒಮ್ಮೆ ಸ್ವತಂತ್ರರಾದವರು ಎಂದೆಂದಿಗೂ ಸ್ವತಂತ್ರರು ಎಂಬ ಸೂತ್ರ ಹೀಗೆ ನೆಲೆಗೊಂಡಿತು.

ಪಾಲಿ ಎಂಬ ತಾಯಿಯ ಉದಾಹರಣೆ ನೋಡಿ. ಇಲಿನಾಯ್‌ನಲ್ಲಿ ತನ್ನನ್ನು ಇರಿಸಿಕೊಂಡಿದ್ದರು ಎಂಬ ಆಧಾರದ ಮೇಲೆ ಆಕೆ ದಾವೆ ಹೂಡಿ 1843ರಲ್ಲಿ ಗೆದ್ದಳು. ಅಷ್ಟಕ್ಕೇ ಆಕೆ ತೃಪ್ತಳಾಗಲಿಲ್ಲ. ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ ಎಂಬುದು ಗುಲಾಮಗಿರಿಯ ಕಾನೂನು. ಒಡೆಯರ ಲಾಭಕ್ಕಾಗಿ ಹುಟ್ಟಿದ ಆ ನಿಯಮವನ್ನೇ ತಿರುಗಿಸಿ ಹಿಡಿದು, ನಾನು ಸ್ವತಂತ್ರಳೆಂದ ಮೇಲೆ ನನ್ನ ಮಗಳೂ ಸ್ವತಂತ್ರಳೇ ಎಂದು ಮಗಳು ಲೂಸಿಯ ಪರವಾಗಿ ಆಕೆ ವಾದಿಸಿದಳು. ಮೊಕದ್ದಮೆ ನಡೆಯುವಾಗ ಹದಿಹರೆಯದ ಲೂಸಿಯನ್ನು ಹದಿನೇಳು ತಿಂಗಳು ಜೈಲಿನಲ್ಲಿಟ್ಟಿದ್ದರು. ಆಕೆ ಮಾಡಿದ ಅಪರಾಧವೇನೂ ಇಲ್ಲ; ದಾವೆ ಮುಗಿಯುವವರೆಗೆ ಆ 'ಆಸ್ತಿ' ಭದ್ರವಾಗಿರಬೇಕಲ್ಲ! 1844ರಲ್ಲಿ ಎಡ್ವರ್ಡ್ ಬೇಟ್ಸ್ ಎಂಬ ವಕೀಲ ಆಕೆಯ ಪರ ವಾದಿಸಿ ಗೆಲ್ಲಿಸಿದ. ಈ ಬೇಟ್ಸ್ ಮುಂದೆ ಅಬ್ರಹಾಂ ಲಿಂಕನ್ನನ ಅಟಾರ್ನಿ ಜನರಲ್ ಆದ. ಲೂಸಿ ಡಿಲೇನಿ ಮುಂದೆ ತನ್ನ ಕಥೆಯನ್ನು ತಾನೇ ಪುಸ್ತಕವಾಗಿ ಬರೆದಳು.

ಹೆಸರಿನ ಜಾಗದಲ್ಲಿ ಒಂದು ಗುರುತು

ಇನ್ನು ಈ ಕಟ್ಟಡವನ್ನು ಜಗತ್ಪ್ರಸಿದ್ಧಗೊಳಿಸಿದ ಮೊಕದ್ದಮೆಗೆ ಬರೋಣ. ಡ್ರೆಡ್ ಸ್ಕಾಟ್ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. ಪೀಟರ್ ಬ್ಲೋ ಎಂಬ ಒಡೆಯನ ಕುಟುಂಬ 1830ರಲ್ಲಿ ಅವನನ್ನು ಸೇಂಟ್ ಲೂಯಿಸಿಗೆ ಕರೆತಂದಿತು. ಅನಂತರ ಸೈನ್ಯದ ವೈದ್ಯ ಜಾನ್ ಎಮರ್ಸನ್ ಅವನನ್ನು ಕೊಂಡುಕೊಂಡ. ವೈದ್ಯನಿಗೆ ವರ್ಗವಾದಲ್ಲೆಲ್ಲ ಸ್ಕಾಟ್ ಹೋಗಬೇಕಾಯಿತು: ಮೊದಲು ಇಲಿನಾಯ್ ರಾಜ್ಯದ ಕೋಟೆ, ಅನಂತರ ಉತ್ತರದ ಫೋರ್ಟ್ ಸ್ನೆಲ್ಲಿಂಗ್. ಎರಡೂ ಕಡೆ ಗುಲಾಮಗಿರಿ ನಿಷಿದ್ಧ. ಫೋರ್ಟ್ ಸ್ನೆಲ್ಲಿಂಗ್‌ನಲ್ಲಿಯೇ ಹ್ಯಾರಿಯಟ್ ರಾಬಿನ್ಸನ್ ಎಂಬುವಳೊಡನೆ ಅವನ ಮದುವೆಯಾಯಿತು. ಎಲೈಜಾ, ಲಿಜ್ಜಿ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1843ರಲ್ಲಿ ವೈದ್ಯ ತೀರಿಕೊಂಡ. ಅವನ ವಿಧವೆ ಐರೀನ್ ಎಮರ್ಸನ್ ಈ ಸಂಸಾರವನ್ನು ಕೂಲಿಗೆ ಕಳಿಸಿ ಹಣ ಪಡೆಯುತ್ತಿದ್ದಳು. ಹಣ ಕೊಟ್ಟು ತನ್ನ ಬಿಡುಗಡೆಯನ್ನು ಕೊಳ್ಳಲು ಸ್ಕಾಟ್ ಮುಂದಾದಾಗ ಆಕೆ ಒಪ್ಪಲಿಲ್ಲ.

1846ರ ಏಪ್ರಿಲ್ 6ರಂದು ಗಂಡ ಹೆಂಡತಿ ಇಬ್ಬರೂ ಬೇರೆಬೇರೆ ಅರ್ಜಿ ಸಲ್ಲಿಸಿದರು. ಡ್ರೆಡ್ ಸ್ಕಾಟ್‌ಗೆ ಓದು ಬರಹ ಬರುತ್ತಿರಲಿಲ್ಲ. ನಮ್ಮವರು ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಅವನು ಎರಡು ಅಡ್ಡಗೀಟಿನ ಗುರುತು ಹಾಕಿದ. ಹ್ಯಾರಿಯಟ್‌ಳ ಅರ್ಜಿಯ ಮಹತ್ವವನ್ನು ಪಾಲಿಯ ಉದಾಹರಣೆಯಿಂದ ನೀವು ಊಹಿಸಬಲ್ಲಿರಿ. ತಾಯಿ ಗೆದ್ದರೆ ಇಬ್ಬರು ಹೆಣ್ಣುಮಕ್ಕಳೂ ಗೆದ್ದಂತೆ.

ಮೊದಲ ವಿಚಾರಣೆ 1847ರ ಜೂನ್ 30ರಂದು ಈ ಕಟ್ಟಡದ ಪಶ್ಚಿಮ ರೆಕ್ಕೆಯ ಕೋಣೆಯಲ್ಲಿ ನಡೆಯಿತು. ನ್ಯಾಯಾಧೀಶನ ಹೆಸರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಅಮೆರಿಕದ ಸಂವಿಧಾನದ ನಿರ್ಮಾಪಕರಲ್ಲಿ ಒಬ್ಬನಾದ ಪ್ರಸಿದ್ಧ ಹ್ಯಾಮಿಲ್ಟನ್ ಬೇರೆ, ಇವನು ಬೇರೆ. ಸ್ಕಾಟ್ ಎಲ್ಲೆಲ್ಲಿ ವಾಸವಾಗಿದ್ದನೆಂಬುದಕ್ಕೆ ಸಾಕ್ಷಿ ದೊರೆಯಿತು. ಆದರೆ ಈಗ ಅವನನ್ನು ಗುಲಾಮನಾಗಿ ಇಟ್ಟುಕೊಂಡಿರುವವಳು ಐರೀನ್ ಎಮರ್ಸನ್ ಎಂಬುದನ್ನೂ ರುಜುವಾತು ಮಾಡಬೇಕಿತ್ತಲ್ಲವೇ? ಅದಕ್ಕೆ ಸಾಕ್ಷಿಯಾಗಿ ಬಂದವನು ಸ್ಯಾಮ್ಯುಯೆಲ್ ರಸೆಲ್ ಎಂಬ ದಿನಸಿ ವ್ಯಾಪಾರಿ. ಸ್ಕಾಟ್ ಸಂಸಾರವನ್ನು ಆಕೆಯಿಂದ ತಾನು ಕೂಲಿಗೆ ಪಡೆದೆ ಎಂದ ಅವನು, ಪಾಟೀಸವಾಲಿನಲ್ಲಿ, ಆ ಮಾತುಕತೆಯನ್ನೆಲ್ಲ ನಡೆಸಿದ್ದು ತನ್ನ ಹೆಂಡತಿ, ತನಗೆ ನೇರವಾಗಿ ತಿಳಿಯದು ಎಂದುಬಿಟ್ಟ. ಕೇಳಿದ ಮಾತು ಸಾಕ್ಷ್ಯವಲ್ಲ. ಜ್ಯೂರಿ ಸ್ಕಾಟ್‌ನ ವಿರುದ್ಧ ತೀರ್ಪಿತ್ತಿತು. ಫಲವೇನು? ಐರೀನ್ ಎಮರ್ಸನ್ ಅವನ ಒಡತಿ ಎಂಬುದು ರುಜುವಾತಾಗಲಿಲ್ಲ. ಆ ಕಾರಣಕ್ಕಾಗಿಯೇ ಅವನು ಅವಳ ಗುಲಾಮನಾಗಿ ಉಳಿದ! ವಕೀಲ ಬಂಧುಗಳು ನಗುತ್ತಿದ್ದೀರಿ. ಇಂಥದ್ದನ್ನು ನೀವು ಕಂಡಿರಬೇಕು.

ನ್ಯಾಯಾಧೀಶ ಹ್ಯಾಮಿಲ್ಟನ್ ಮರುವಿಚಾರಣೆಗೆ ಒಪ್ಪಿಗೆ ಕೊಟ್ಟ. ಆದರೆ ವಾಯಿದೆಯ ಮೇಲೆ ವಾಯಿದೆ. 1849ರಲ್ಲಿ ಊರಿಗೆ ಬೆಂಕಿ ಬಿತ್ತು, ಕಾಲರಾ ಬಂತು. ಈ ನಡುವೆ ಸ್ಕಾಟ್ ಕೌಂಟಿಯ ಶೆರೀಫನ ಸುಪರ್ದಿನಲ್ಲಿದ್ದ. ಶೆರೀಫ್ ಅವನನ್ನು ಕೂಲಿಗೆ ಕಳಿಸಿ, ಆ ಕೂಲಿಯ ಹಣವನ್ನು ಕೊನೆಗೆ ಗೆದ್ದವರಿಗೆ ಸಲ್ಲಿಸಲೆಂದು ಕೂಡಿಡುತ್ತಿದ್ದ. 1850ರ ಜನವರಿಯಲ್ಲಿ ಎರಡನೆಯ ವಿಚಾರಣೆ. ಈ ಸಲ ರಸೆಲ್‌ನ ಹೆಂಡತಿ ಆಡಲೈನಳ ಸಾಕ್ಷ್ಯವನ್ನೇ ಲಿಖಿತವಾಗಿ ಪಡೆದಿದ್ದರು. ಕೊರತೆ ತುಂಬಿತು. ಹನ್ನೆರಡು ಮಂದಿ ಬಿಳಿಯ ಗಂಡಸರಿದ್ದ ಜ್ಯೂರಿ, ಡ್ರೆಡ್ ಸ್ಕಾಟ್ ಸ್ವತಂತ್ರ ಮನುಷ್ಯ ಎಂದು ತೀರ್ಪು ಕೊಟ್ಟಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಹನ್ನೆರಡು ಮಂದಿ ಕ್ರಾಂತಿಕಾರಿಗಳೇನಲ್ಲ. ಗುಲಾಮಗಿರಿಯ ರಾಜ್ಯದ ಸಾಮಾನ್ಯ ಪ್ರಜೆಗಳು. ಹೊರಗೆ ಮೆಟ್ಟಿಲ ಮೇಲಿನ ಹರಾಜನ್ನು ಅವರೂ ನೋಡಿದ್ದವರೇ. ಆದರೂ ಸಾಕ್ಷ್ಯ ಕೇಳಿದರು, ಇದ್ದ ಕಾನೂನನ್ನು ಅದಕ್ಕೆ ಅನ್ವಯಿಸಿದರು, ಮನುಷ್ಯನನ್ನು ಬಿಡುಗಡೆ ಮಾಡಿದರು. ಕಥೆ ಅಲ್ಲಿಗೇ ಮುಗಿದಿದ್ದರೆ ಡ್ರೆಡ್ ಸ್ಕಾಟ್‌ನ ಹೆಸರು ಇಂದು ನಮಗೆ ಗೊತ್ತೇ ಇರುತ್ತಿರಲಿಲ್ಲ. 300 ಕಡತಗಳಲ್ಲಿ ಅದೂ ಒಂದಾಗಿ ಧೂಳು ತಿನ್ನುತ್ತಿತ್ತು.

ಮೇಲೆ ಹೋದಂತೆ ಕತ್ತಲೆ

ಐರೀನ್ ಎಮರ್ಸನ್ ಅಪೀಲು ಹೋದಳು. 1852ರ ಮಾರ್ಚ್ 22ರಂದು ಮಿಸ್ಸೌರಿ ಸರ್ವೋಚ್ಚ ನ್ಯಾಯಾಲಯ ಕೆಳಗಿನ ತೀರ್ಪನ್ನು ರದ್ದುಮಾಡಿತು. 28 ವರ್ಷ ತಾನೇ ನಡೆಸಿಕೊಂಡು ಬಂದಿದ್ದ ಸೂತ್ರವನ್ನು ಅದು ಕೈಬಿಟ್ಟಿತು. ಕಾಲ ಬದಲಾಗಿದೆ, ಗುಲಾಮಗಿರಿಯನ್ನು ವಿರೋಧಿಸುವ ರಾಜ್ಯಗಳ ಕಾನೂನಿಗೆ ನಾವು ಮನ್ನಣೆ ಕೊಡಬೇಕಾಗಿಲ್ಲ ಎಂಬುದು ಅದರ ವಾದದ ತಿರುಳು. ಮೂವರು ನ್ಯಾಯಮೂರ್ತಿಗಳಲ್ಲಿ ಹ್ಯಾಮಿಲ್ಟನ್ ಗ್ಯಾಂಬಲ್ ಒಬ್ಬ ಮಾತ್ರ ಭಿನ್ನಮತ ಬರೆದ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದವನೇ. ಆದರೂ, ಜನರ ಆವೇಶ ಏರಿತೆಂದು ಸ್ಥಿರವಾದ ಕಾನೂನನ್ನು ಬದಲಿಸುವುದು ಸಲ್ಲದು ಎಂಬುದು ಅವನ ನಿಲುವಾಗಿತ್ತು.

ಸ್ಕಾಟ್ ಬಿಡಲಿಲ್ಲ. ರಾಸ್‌ವೆಲ್ ಫೀಲ್ಡ್ ಎಂಬ ವಕೀಲ ಮೊಕದ್ದಮೆಯನ್ನು ಒಕ್ಕೂಟದ ನ್ಯಾಯಾಲಯಕ್ಕೆ ಒಯ್ದ. ಅಷ್ಟರಲ್ಲಿ ಒಡೆತನದ ಹಕ್ಕು ಕೇಳುತ್ತಿದ್ದವನು ಐರೀನಳ ಸಹೋದರ ಜಾನ್ ಸ್ಯಾನ್‌ಫೋರ್ಡ್. 1854ರ ಆ ವಿಚಾರಣೆ ಇದೇ ಊರಿನ ಬೇರೊಂದು ಕಟ್ಟಡದಲ್ಲಿ ನಡೆದು, ಅಲ್ಲಿಯೂ ಸೋಲಾಯಿತು. ಕೊನೆಗೆ ಮೊಕದ್ದಮೆ ವಾಷಿಂಗ್‌ಟನ್ನಿನ ಸುಪ್ರೀಂ ಕೋರ್ಟಿಗೆ ಏರಿತು.

1857ರ ಮಾರ್ಚ್ 6ರಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರ್ಪು ಓದಿದ. ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಆಫ್ರಿಕನ್ ಮೂಲದ ಕರಿಯರು, ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪೌರರಾಗಲಾರರು; ಆದುದರಿಂದ ಸ್ಕಾಟ್‌ಗೆ ಒಕ್ಕೂಟದ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕೇ ಇಲ್ಲ ಎಂದಿತು ತೀರ್ಪು. ಒಕ್ಕೂಟಕ್ಕೆ ಸೇರಿದ ಹೊಸ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇಲ್ಲವೆಂದೂ ಸೇರಿಸಿತು. ಹೀಗೆ ಒಂದು ಸಂಸಾರದ ದಾವೆಯ ನೆಪದಲ್ಲಿ ದೇಶದ ದೊಡ್ಡ ಜಗಳವನ್ನೇ ಇತ್ಯರ್ಥ ಮಾಡಿಬಿಡಲು ನ್ಯಾಯಾಲಯ ಹೊರಟಿತು. ಜಗಳ ತೀರಲಿಲ್ಲ, ಉರಿಯಿತು. 1860ರಲ್ಲಿ ಲಿಂಕನ್ ಆರಿಸಿ ಬಂದ. 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧಕ್ಕೆ ಈ ತೀರ್ಪೊಂದೇ ಕಾರಣವಲ್ಲ. ಆದರೆ ಉತ್ತರ ದಕ್ಷಿಣಗಳ ನಡುವೆ ರಾಜಿಗೆ ಉಳಿದಿದ್ದ ದಾರಿಯನ್ನು ಅದು ಬಹುಮಟ್ಟಿಗೆ ಮುಚ್ಚಿತು.

ಈಗ ಆ ಜಿಲ್ಲಾಮಟ್ಟದ ಕಟ್ಟಡಕ್ಕೆ ಹಿಂತಿರುಗೋಣ. ಐರೀನ್ ಎಮರ್ಸನ್ ಅಷ್ಟರಲ್ಲಿ ಮರುಮದುವೆಯಾಗಿದ್ದಳು. ಆ ಗಂಡ ಗುಲಾಮಗಿರಿಯ ವಿರೋಧಿಯಾಗಿದ್ದ ಮ್ಯಾಸಚೂಸೆಟ್ಸಿನ ಸಂಸತ್ ಸದಸ್ಯ ಕ್ಯಾಲ್ವಿನ್ ಚ್ಯಾಫಿ! ಮುಜುಗರಕ್ಕೆ ಸಿಕ್ಕಿದ ಅವರು ಸ್ಕಾಟ್ ಸಂಸಾರದ ಒಡೆತನವನ್ನು ಸೇಂಟ್ ಲೂಯಿಸಿನ ಟೇಲರ್ ಬ್ಲೋಗೆ ವರ್ಗಾಯಿಸಿದರು. ಸ್ಕಾಟ್‌ನ ಮೊದಲ ಒಡೆಯ ಪೀಟರ್ ಬ್ಲೋನ ಮಗ ಅವನು. ಮೊಕದ್ದಮೆಯುದ್ದಕ್ಕೂ ಸ್ಕಾಟ್‌ಗೆ ನೆರವಾದವರು ಬ್ಲೋ ಮಕ್ಕಳೇ. 1857ರ ಮೇ 26ರಂದು ಟೇಲರ್ ಬ್ಲೋ ನಾಲ್ವರನ್ನೂ ಬಿಡುಗಡೆ ಮಾಡಿ ಪತ್ರ ಸಲ್ಲಿಸಿದ. ಅದನ್ನು ದಾಖಲಿಸಿಕೊಂಡವನು ಅದೇ ನ್ಯಾಯಾಧೀಶ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಅದೇ ಕಟ್ಟಡದಲ್ಲಿ.

ಹನ್ನೊಂದು ವರ್ಷಗಳ ದಾವೆ. ದೇಶದ ಅತ್ಯುನ್ನತ ನ್ಯಾಯಪೀಠ ಮನುಷ್ಯನಿಗೆ ಇಲ್ಲವೆಂದದ್ದು ಕೊನೆಗೆ ಕೌಂಟಿಯ ಕೋರ್ಟಿನಲ್ಲಿ ಒಂದು ಹಾಳೆಯ ಮೇಲೆ ಸಿಕ್ಕಿತು. ಆದರೆ ಹಕ್ಕಾಗಿ ಅಲ್ಲ, ಒಬ್ಬ ಒಡೆಯನ ಕೊಡುಗೆಯಾಗಿ. ಅದರ ವ್ಯತ್ಯಾಸ ಸ್ಕಾಟ್‌ಗೆ ತಿಳಿಯದೇ ಇರಲಿಲ್ಲ. ಹಾಗೆ ತಿಳಿದಿದ್ದರಿಂದಲೇ ಅಲ್ಲವೇ ಅವನು ಅಷ್ಟು ವರ್ಷ ಕಟಕಟೆ ಸುತ್ತಿದ್ದು? ಊರಿನ ಒಂದು ಹೋಟೆಲಿನಲ್ಲಿ ಹಮಾಲಿ ಮಾಡುತ್ತ ಸ್ವತಂತ್ರನಾಗಿ ಅವನು ಬದುಕಿದ್ದು ಒಂದೂಕಾಲು ವರ್ಷದಷ್ಟೇ. 1858ರ ಸೆಪ್ಟೆಂಬರ್ 17ರಂದು ಕ್ಷಯದಿಂದ ತೀರಿಕೊಂಡ. ಬಟ್ಟೆ ಒಗೆದು ಸಂಸಾರ ಸಾಗಿಸಿದ ಹ್ಯಾರಿಯಟ್ 1876ರವರೆಗೆ ಬದುಕಿದ್ದಳು. ಗುಲಾಮಗಿರಿಯನ್ನು ನಿಷೇಧಿಸಿದ 1865ರ 13ನೆಯ ತಿದ್ದುಪಡಿಯನ್ನೂ, ಟೇನಿಯ ತೀರ್ಪನ್ನು ಅಳಿಸಿ ಕರಿಯರಿಗೆ ಪೌರತ್ವ ಕೊಟ್ಟ 1868ರ 14ನೆಯ ತಿದ್ದುಪಡಿಯನ್ನೂ ಅವಳು ಕಂಡಳು.

ಇನ್ನೊಂದು ಸೋಲು

ಆ 14ನೆಯ ತಿದ್ದುಪಡಿಯನ್ನು ಕೈಯಲ್ಲಿ ಹಿಡಿದು ಇದೇ ನ್ಯಾಯಾಲಯಕ್ಕೆ ಬಂದವಳು ವರ್ಜೀನಿಯಾ ಮೈನರ್. 1872ರ ಅಕ್ಟೋಬರ್ 15ರಂದು ಮತದಾರರ ಪಟ್ಟಿಗೆ ತನ್ನ ಹೆಸರು ಸೇರಿಸಿ ಎಂದು ಆಕೆ ಕೇಳಿದಾಗ, ರೀಸ್ ಹ್ಯಾಪರ್ಸೆಟ್ ಎಂಬ ನೋಂದಣಿ ಅಧಿಕಾರಿ ಹೆಂಗಸೆಂಬ ಕಾರಣಕ್ಕೆ ನಿರಾಕರಿಸಿದ. ನಾನು ಪೌರಳಾದ ಮೇಲೆ ಮತದಾನ ನನ್ನ ಹಕ್ಕು ಎಂದು ಆಕೆ ದಾವೆ ಹೂಡಲು ಹೊರಟಳು. ಮಿಸ್ಸೌರಿಯ ಆಗಿನ ಕಾನೂನಿನಂತೆ ಮದುವೆಯಾದ ಹೆಣ್ಣು ಒಬ್ಬಳೇ ದಾವೆ ಹೂಡುವಂತಿರಲಿಲ್ಲ. ವಕೀಲನಾಗಿದ್ದ ಗಂಡ ಫ್ರಾನ್ಸಿಸ್ ಮೈನರ್ ತಾನೂ ಫಿರ್ಯಾದಿಯಾಗಿ ಹೆಸರು ಸೇರಿಸಿದ. ಇಲ್ಲಿ ಸೋತರು. 1875ರಲ್ಲಿ ಸುಪ್ರೀಂ ಕೋರ್ಟು, ಆಕೆ ಪೌರಳು ಹೌದು, ಆದರೆ ಪೌರತ್ವದಿಂದ ಮತದಾನದ ಹಕ್ಕು ತಾನಾಗಿ ಬರುವುದಿಲ್ಲ ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ಕಾನೂನಿನ ದಾರಿ ಮುಚ್ಚಿದಾಗ ಹೆಂಗಸರು ಚಳವಳಿಯ ದಾರಿ ಹಿಡಿದರು. 1920ರ 19ನೆಯ ತಿದ್ದುಪಡಿಯ ತನಕ ಅವರು ಕಾಯಬೇಕಾಯಿತು.

ಬಿಡುಗಡೆಯ ಪತ್ರಗಳು ಈ ಕಟ್ಟಡದಲ್ಲಿ ಇನ್ನೂ ಬೇಕಾದಷ್ಟು ದಾಖಲಾಗಿವೆ. 1859ರಲ್ಲಿ ಹಣದ ಮುಗ್ಗಟ್ಟಿನಲ್ಲಿದ್ದ ಒಬ್ಬ ಮಾಜಿ ಸೈನ್ಯಾಧಿಕಾರಿ ಇಲ್ಲಿಗೆ ಬಂದು, ತನ್ನ ಬಳಿ ಇದ್ದ ವಿಲಿಯಂ ಜೋನ್ಸ್ ಎಂಬ ಗುಲಾಮನನ್ನು ಮಾರದೆ ಬಿಡುಗಡೆ ಮಾಡಿ ಸಹಿ ಹಾಕಿದ. ಅವನೇ ಯುಲಿಸಿಸ್ ಗ್ರಾಂಟ್, ಮುಂದೆ ಅಂತರ್ಯುದ್ಧದ ಸೇನಾನಿ, ಆಮೇಲೆ ಅಮೆರಿಕದ ಅಧ್ಯಕ್ಷ.

ಖಾಲಿಯಾದ ಮನೆ

1870ರ ದಶಕದ ಕೊನೆಯಲ್ಲಿ ಸೇಂಟ್ ಲೂಯಿಸ್ ನಗರವೂ ಕೌಂಟಿಯೂ ಬೇರೆಯಾದವು. ಕೌಂಟಿಯ ಆಡಳಿತ ಕೇಂದ್ರ ಕ್ಲೇಟನ್ ಎಂಬ ಊರಿಗೆ ಹೋಯಿತು, ಕಟ್ಟಡ ನಗರದ ಪಾಲಿಗೆ ಬಂತು. 1930ರಲ್ಲಿ ಹೊಸ ಬಹುಮಹಡಿ ಕಟ್ಟಡಕ್ಕೆ ನ್ಯಾಯಾಲಯಗಳು ವರ್ಗವಾದವು. ಆಗ ಎದ್ದು ಬಂತು ನೋಡಿ 1816ರ ದಾನಪತ್ರ. ನ್ಯಾಯಾಲಯಕ್ಕೆಂದು ಕೊಟ್ಟ ಜಾಗ ನ್ಯಾಯಾಲಯಕ್ಕೆ ಬಳಕೆಯಾಗದಿದ್ದರೆ ನಮಗೆ ಹಿಂತಿರುಗಬೇಕು ಎಂದು ದಾನಿಗಳ ವಂಶಸ್ಥರು ದಾವೆ ಹೂಡಿದರು. ನ್ಯಾಯಾಲಯದ ಕಟ್ಟಡವೇ ಕಕ್ಷಿಗಳ ನಡುವಿನ ವಿವಾದದ ಆಸ್ತಿಯಾದ ವಿಚಿತ್ರ ಪ್ರಸಂಗ! ಕೊನೆಗೆ ಕಟ್ಟಡ ನಗರದ ಕೈಯಲ್ಲಿಯೇ ಉಳಿದು, 1940ರಲ್ಲಿ ಒಕ್ಕೂಟ ಸರ್ಕಾರಕ್ಕೆ ಹಸ್ತಾಂತರವಾಯಿತು. ಪಶ್ಚಿಮಕ್ಕೆ ವಲಸೆ ಹೋದವರ ನೆನಪಿಗಾಗಿ ಈರೋ ಸಾರಿನೆನ್ ರೂಪಿಸಿದ 630 ಅಡಿ ಎತ್ತರದ ಉಕ್ಕಿನ ಕಮಾನು 1965ರಲ್ಲಿ ಅದರ ಮುಂದೆ ಎದ್ದು ನಿಂತಿತು. ಇಂದು ಕಮಾನೂ ಕೋರ್ಟೂ ಸೇರಿ ಒಂದೇ ರಾಷ್ಟ್ರೀಯ ಉದ್ಯಾನ.

2012ರಲ್ಲಿ ಕಟ್ಟಡದ ದಕ್ಷಿಣಕ್ಕೆ ಡ್ರೆಡ್ ಮತ್ತು ಹ್ಯಾರಿಯಟ್ ಕೈಹಿಡಿದು ನಿಂತ ಕಂಚಿನ ಪ್ರತಿಮೆ ಬಂತು. 2022ರಲ್ಲಿ ಈಗಿನ ಸಿವಿಲ್ ನ್ಯಾಯಾಲಯದ ಎದುರು ಸ್ವಾತಂತ್ರ್ಯದ ದಾವೆ ಹೂಡಿದವರೆಲ್ಲರ ನೆನಪಿಗೆ ಸ್ಮಾರಕವಾಯಿತು. ದೊಡ್ಡ ದುರಸ್ತಿಯ ನಂತರ ಹಳೆಯ ಕೋರ್ಟ್‌ಹೌಸ್ 2025ರ ಮೇ ತಿಂಗಳಲ್ಲಿ ಮತ್ತೆ ಜನರಿಗೆ ತೆರೆದಿದೆ. ಆದರೆ ಡ್ರೆಡ್ ಸ್ಕಾಟ್‌ನ ವಿಚಾರಣೆ ನಡೆದ ಕೋಣೆಯನ್ನು ನೋಡಬೇಕೆಂದು ಹೋದವರಿಗೆ ಅದು ಮೊದಲಿನ ರೂಪದಲ್ಲಿ ಕಾಣುವುದಿಲ್ಲ. 1855ರಲ್ಲಿಯೇ ಅದನ್ನು ವಿಭಾಗಿಸಿ ಬದಲಿಸಿಬಿಟ್ಟಿದ್ದರು. ಆಗ ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ.

ಕೋಣೆ ಹೋಯಿತು, ಕಾಗದ ಉಳಿಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಮೆಟ್ಟಿಲ ಮೇಲೆ ಮಾರಾಟವಾದವರ ಪಟ್ಟಿ, ಒಳಗೆ ಗೆದ್ದವರ ತೀರ್ಪು, ಸೋತವರ ಅರ್ಜಿ, ಎಲ್ಲವನ್ನೂ ಅಲ್ಲಿನ ಗುಮಾಸ್ತರು ಬರೆದಿಟ್ಟರು. ಆ ಬರಹದಿಂದಲೇ ಇಂದು ಆ ಊರಿನ ಜನ ತಮ್ಮ ಅಜ್ಜ ಮುತ್ತಜ್ಜಿಯರ ಹೆಸರುಗಳನ್ನು ಕಂಡುಕೊಳ್ಳುತ್ತಿದ್ದಾರೆ. ಸರ್ವೋನ್ನತ ನ್ಯಾಯಾಲಯ 1857ರಲ್ಲಿ ಮಾಡಿದ ತಪ್ಪನ್ನು ಇಂದು ನಾವು ತಪ್ಪೆಂದು ಗಟ್ಟಿಯಾಗಿ ಹೇಳಲು ಇರುವ ಆಧಾರಗಳಲ್ಲಿ, ಸಾಮಾನ್ಯ ಕೋರ್ಟೊಂದರ ಹನ್ನೆರಡು ಸಾಮಾನ್ಯ ಜನ 1850ರಲ್ಲಿ ಬೇರೆ ತೀರ್ಪು ಕೊಟ್ಟಿದ್ದರು ಎಂಬ ದಾಖಲೆಯೂ ಒಂದು.

ವಿದ್ಯಾರ್ಥಿ ಮಿತ್ರರೇ, ನೀವು ನಾಳೆ ಕರಿಕೋಟು ಹಾಕಿ ಮೊದಲು ನಿಲ್ಲುವುದು ಕೆಳಗಿನ ಕೋರ್ಟಿನಲ್ಲಿಯೇ. ಅಲ್ಲಿ ಫ್ಯಾನು ತಿರುಗುವುದಿಲ್ಲ, ಕಕ್ಷಿದಾರನಿಗೆ ಸಹಿ ಬರುವುದಿಲ್ಲ, ವಾಯಿದೆಗೆ ಕೊನೆಯಿಲ್ಲ. ಬೇಸರವಾದಾಗ 1846ರ ಆ ಅರ್ಜಿಯ ಅಡಿಯಲ್ಲಿನ ಅಡ್ಡಗೀಟುಗಳನ್ನು ನೆನಪು ಮಾಡಿಕೊಳ್ಳಿ. ಅರ್ಜಿಯನ್ನು ಶ್ರದ್ಧೆಯಿಂದ ಬರೆಯಿರಿ, ಸಾಕ್ಷ್ಯವನ್ನು ಸರಿಯಾಗಿ ದಾಖಲಿಸಿ, ಕಡತವನ್ನು ಗೆದ್ದಲಿಗೆ ಬಿಡಬೇಡಿ. ಯಾವ ಕಡತ ಯಾರಿಗೆ ಬೇಕಾಗುತ್ತದೆಂದು ಈ ಹೊತ್ತು ಹೇಳಲು ಬರುವುದಿಲ್ಲ.